ಬಲಗೈ ಕೊಟ್ಟವನ ಲೆಕ್ಕ

ಜೇಸನ್‌ಗೆ ಆ ರಾಜಕುಮಾರಿಯ ಮೇಲೆ ಪ್ರೀತಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ, ಹೆಂಡತಿ ಹೊಟ್ಟೆಕಿಚ್ಚು ತಾಳಲಾರದೆ ಹೆತ್ತ ಮಕ್ಕಳನ್ನೇ ಕೊಂದಳು ಎಂದು ಒಂದೇ ಉಸಿರಿನಲ್ಲಿ ಈ ಕಥೆ ಮುಗಿಸುವವರಿಗೆ ಉತ್ತರ ಕೊಡಬೇಕಾದರೆ ಇಲ್ಲಿಂದಲೇ ಶುರುಮಾಡಬೇಕು. ಹೊಸ ಹೆಣ್ಣಿನ ಮೋಹಕ್ಕೆ ಬಿದ್ದು ಕಾಲು ಜಾರಿದವನ ಕಥೆ ಇದಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೋಹಕ್ಕೆ ಬಿದ್ದವನು ಒಂದಲ್ಲ ಒಂದು ದಿನ ನಾಚಿಕೆಪಟ್ಟಾನು. ಜೇಸನ್ ನಾಚುವುದಿಲ್ಲ. ಹೆಂಡತಿ ಮೇದಿಯಾಳ ಎದುರು ನಿಂತು ಅವನೇ ಬಿಡಿಸಿ ಹೇಳುತ್ತಾನೆ: ನಿನ್ನ ಮೇಲೆ ಬೇಸರ ಬಂದು ಹೋದವನಲ್ಲ, ಆ ಹುಡುಗಿಯ ಮೇಲಿನ ಆಸೆಗೂ ಹೋಗಲಿಲ್ಲ; ಕೈಯಲ್ಲಿ ಕಾಸಿಲ್ಲದವನನ್ನು ಕಂಡರೆ ಗೆಳೆಯರೂ ದಾರಿ ಬದಲಿಸುತ್ತಾರೆ, ನಾವೆಲ್ಲ ಚೆನ್ನಾಗಿ ಬದುಕೋಣ ಎಂದು ಮಾಡಿದೆ. ಕಾಮುಕನನ್ನು ನಾನು ಕ್ಷಮಿಸಿಯೇನು. ಇವನನ್ನು ಕ್ಷಮಿಸಲಾರೆ.

ಯೂರಿಪಿಡೀಸ್‌ನ ‘ಮೇದಿಯಾ’ ನಾಟಕವನ್ನು ಮೊದಲ ಸಲ ಆಡಿದ್ದು ಕ್ರಿ.ಪೂ. 431ರಲ್ಲಿ, ಆಥೆನ್ಸ್‌ನ ದಿಯೊನೈಸಸ್ ಉತ್ಸವದ ನಾಟಕ ಸ್ಪರ್ಧೆಯಲ್ಲಿ. ಕಣದಲ್ಲಿ ಮೂವರು ಕವಿಗಳು. ಈಸ್ಕಿಲಸ್‌ನ ಮಗ ಯೂಫೋರಿಯಾನ್‌ಗೆ ಮೊದಲ ಬಹುಮಾನ, ಸೊಫೊಕ್ಲೀಸ್‌ಗೆ ಎರಡನೆಯದು, ಯೂರಿಪಿಡೀಸ್‌ಗೆ ಕೊನೆಯದು. ಬರೆದವನು ಗಂಡಸು, ಮುಖವಾಡ ತೊಟ್ಟು ಮೇದಿಯಾಳ ಮಾತು ಆಡಿದವನು ಗಂಡಸು, ತೀರ್ಪು ಕೊಟ್ಟವರೂ ಗಂಡಸರು. ಅಂಥ ಊರಿನಲ್ಲಿ, ಅಂಥ ಸಭೆಯ ಎದುರು, ಹೆಂಗಸೊಬ್ಬಳು ಬಾಗಿಲಾಚೆ ಬಂದು ನಿಂತು, ಒಂದು ಹೆರಿಗೆಗಿಂತ ಮೂರು ಸಲ ಗುರಾಣಿ ಹಿಡಿದು ಯುದ್ಧಕ್ಕೆ ನಿಲ್ಲುವುದೇ ವಾಸಿ ಎಂದು ಹೇಳುತ್ತಾಳೆ. ಹಣ ಸುರಿದು ಗಂಡನನ್ನು ಕೊಂಡುಕೊಳ್ಳುತ್ತೇವೆ, ಕೊಂಡದ್ದು ನಮ್ಮ ಮೈಮೇಲಿನ ಯಜಮಾನನನ್ನು ಎಂದೂ ಹೇಳುತ್ತಾಳೆ. ಅದೇ ವರ್ಷ ಆಥೆನ್ಸ್ ಮತ್ತು ಸ್ಪಾರ್ಟಾ ನಡುವೆ ದೊಡ್ಡ ಯುದ್ಧ ಶುರುವಾಯಿತು. ಯುದ್ಧಕ್ಕೆ ಹೊರಡಲು ಸಜ್ಜಾಗುತ್ತಿದ್ದವರ ಕಿವಿಗೆ ಈ ಮಾತು ಬಿದ್ದಾಗ ಹೇಗಿದ್ದೀತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಅವಳು ಯಾರ ಮಗಳು, ಎಲ್ಲಿಂದ ಬಂದವಳು ಎನ್ನುವುದು ಮುಖ್ಯ. ಕೋಲ್ಕಿಸ್‌ನವಳು. ಕಪ್ಪು ಸಮುದ್ರದ ಪೂರ್ವ ದಂಡೆ, ಇವತ್ತಿನ ಜಾರ್ಜಿಯಾ ದೇಶ. ಅಲ್ಲಿನ ರಾಜ ಈಟೀಸ್‌ನ ಮಗಳು, ಸೂರ್ಯನ ಮೊಮ್ಮಗಳು. ಆರ್ಗೋ ಹಡಗು ಹತ್ತಿ ಬಂಗಾರದ ತುಪ್ಪಟ ಹುಡುಕಿಕೊಂಡು ಬಂದ ಜೇಸನ್‌ನನ್ನು ಬದುಕಿಸಿದ್ದು ಅವಳು. ಬೆಂಕಿಯುಗುಳುವ ಎತ್ತುಗಳಿಗೆ ನೊಗ ಕಟ್ಟುವ ದಾರಿ ಅವಳಿಂದ. ಕಣ್ಣು ಮುಚ್ಚದೆ ತುಪ್ಪಟ ಕಾಯುತ್ತಿದ್ದ ಹಾವಿನ ಸಾವೂ ಅವಳಿಂದ. ಅಪ್ಪನಿಗೆ ಎರಡು ಬಗೆದಳು. ತಮ್ಮನ ರಕ್ತ ಅವಳ ಕೈಗಂಟಿತು. ಜೇಸನ್‌ನ ರಾಜ್ಯ ನುಂಗಿದ್ದ ಪೀಲಿಯಸ್‌ನನ್ನು ಅವನ ಹೆಣ್ಣುಮಕ್ಕಳ ಕೈಯಿಂದಲೇ ಕೊಲ್ಲಿಸಿದಳು. ಅದರ ಫಲವಾಗಿ ಗಂಡಹೆಂಡಿರಿಬ್ಬರೂ ಊರು ಬಿಟ್ಟು ಕೊರಿಂತ್ ಸೇರಿದರು. ಈ ಕೊಲೆಗಳನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಒಂದೊಂದರ ಲಾಭವೂ ಯಾರ ಮಡಿಲಿಗೆ ಬಿತ್ತು? ತುಪ್ಪಟ ಯಾರದಾಯಿತು, ವೀರನೆಂಬ ಹೆಸರು ಯಾರದಾಯಿತು? ಮಾಡುವಾಗ ಜೊತೆಗೆ ನಿಂತು, ಉಂಡು, ತೇಗಿ, ಕೊನೆಗೆ ಅವಳನ್ನು ಮಾತ್ರ ಕ್ರೂರಿ ಎಂದವನು ಇವನು.

ನಾಟಕ ಶುರುವಾಗುವುದು ದಾದಿಯ ಮಾತಿನಿಂದ. ಆ ಹಡಗಿನ ಮರ ಕಾಡಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು ಎಂದು ಅವಳು ಹಲುಬುತ್ತಾಳೆ. ಒಳಗೆ ಮೇದಿಯಾ ಅನ್ನ ಬಿಟ್ಟು ಮಲಗಿದ್ದಾಳೆ, ನೆಲದಿಂದ ಕಣ್ಣು ಎತ್ತುತ್ತಿಲ್ಲ. ಬಾಯಿ ಬಿಟ್ಟರೆ ಆಣೆಯ ಮಾತು, ಬಲಗೈ ಕೊಟ್ಟ ಮಾತು. ಈ ಬಲಗೈಯನ್ನು ಓದುಗರು ದಾಟಿ ಹೋಗಬಾರದು. ಆಥೆನ್ಸ್‌ನಲ್ಲಿ ಮದುವೆ ಎಂದರೆ ಹುಡುಗಿಯ ಅಪ್ಪನಿಗೂ ಗಂಡಿಗೂ ನಡುವೆ ನಡೆಯುವ ಒಪ್ಪಂದ. ಅಪ್ಪ ಕೊಡುತ್ತಾನೆ, ಅಳಿಯ ತೆಗೆದುಕೊಳ್ಳುತ್ತಾನೆ, ಹುಡುಗಿ ಕೈಬದಲಾಗುತ್ತಾಳೆ. ಮೇದಿಯಾಳನ್ನು ಯಾರೂ ಕೊಡಲಿಲ್ಲ. ಅವಳೇ ತನ್ನ ಬಲಗೈ ಚಾಚಿದಳು, ಅವನು ತನ್ನ ಬಲಗೈ ಕೊಟ್ಟ, ದೇವರ ಮೇಲೆ ಆಣೆಯಿಟ್ಟ. ರಾಜ ರಾಜರು, ಗೆಳೆಯ ಗೆಳೆಯರು ಮಾಡಿಕೊಳ್ಳುವ ಸಮಾನರ ಒಪ್ಪಂದ ಅದು. ಪ್ರೀತಿ ಎಂದರೆ ಹಾಗೇ ಇರಬೇಕು ಎಂದು ನಂಬಿದ ಹೆಣ್ಣು ಅವಳು. ನಮ್ಮಲ್ಲೂ ದೇವಯಾನಿಯನ್ನು ಬಾವಿಯಿಂದ ಮೇಲೆತ್ತುವಾಗ ಯಯಾತಿ ಹಿಡಿದದ್ದು ಬಲಗೈಯನ್ನೇ, ಅದೇ ಮಾತಿನ ಮೇಲೆ ಅವಳು ಅವನ ಹೆಂಡತಿಯಾದಳು. ಅವನು ಆ ಮಾತನ್ನು ಹೇಗೆ ಉಳಿಸಿಕೊಂಡ ಎನ್ನುವುದು ಎಲ್ಲರಿಗೂ ಗೊತ್ತು.

ಸಮಾನರ ಒಪ್ಪಂದಕ್ಕೆ ಒಂದೇ ಕಾವಲು, ಮಾತು. ಮಾತು ಮುರಿದರೆ ಅವಳ ಪರವಾಗಿ ನಿಲ್ಲುವ ಕಾನೂನು ಒಂದೂ ಇಲ್ಲ. ಆಥೆನ್ಸ್‌ನ ಹೆಣ್ಣಿಗೆ ಗಂಡ ಬಿಟ್ಟರೆ ತವರಿತ್ತು. ತಂದ ವರದಕ್ಷಿಣೆಯನ್ನು ಅವನು ವಾಪಸು ಕೊಡಬೇಕಿತ್ತು. ಮೇದಿಯಾಳಿಗೆ ತವರು ಎಲ್ಲಿ? ಅಪ್ಪನ ಮನೆ ಬಾಗಿಲನ್ನು ತಾನೇ ಈ ಗಂಡಸಿಗಾಗಿ ಮುಚ್ಚಿ ಬಂದಿದ್ದಾಳೆ. ಉತ್ತರ ಕರ್ನಾಟಕದ ನಮ್ಮ ಹಳ್ಳಿಗಳಲ್ಲಿ ಬಿಟ್ಟವಳಿಗೆ ಪಂಚರ ಮುಂದೆ ಬಿಡುಗಡೆಯ ಒಂದು ಸೋಡಚೀಟಿಯಾದರೂ ಕೈಗೆ ಬರುತ್ತಿತ್ತು. ಇವಳಿಗೆ ಅದೂ ಇಲ್ಲ. ಗಂಡ ಇನ್ನೊಂದು ಮದುವೆಯಾದದ್ದು ಊರಿಗೆಲ್ಲ ಗೊತ್ತಾಗಿದೆ, ಇವಳಿಗೆ ಅವನು ಬಾಯಿಬಿಟ್ಟು ಹೇಳಿಲ್ಲ. ಒಳ್ಳೆಯದಕ್ಕೇ ಮಾಡಿದ್ದಾದರೆ ನನ್ನನ್ನು ಕೇಳಿ ಮಾಡಬೇಕಿತ್ತು, ಕದ್ದುಮುಚ್ಚಿ ಯಾಕೆ ಮಾಡಿದೆ ಎಂದು ಅವಳು ಕೇಳಿದಾಗ ಜೇಸನ್‌ನ ಬಳಿ ಇರುವ ಉತ್ತರ, ಹೇಳಿದ್ದರೆ ನೀನು ಒಪ್ಪುತ್ತಿದ್ದೆಯಾ, ಈಗಲೂ ನಿನ್ನ ಸಿಟ್ಟು ಇಳಿದಿಲ್ಲವಲ್ಲ ಎಂಬುದು. ದ್ರೋಹ ಬಗೆದವನು ದ್ರೋಹಕ್ಕೊಳಗಾದವಳ ಸಿಟ್ಟನ್ನೇ ಸಾಕ್ಷಿಯಾಗಿ ನಿಲ್ಲಿಸುತ್ತಾನೆ.

ನೋಡುತ್ತ ಕುಳಿತ ಆಥೆನ್ಸ್‌ನ ಗಂಡಸರಿಗೆ ಈ ಲೆಕ್ಕ ಹೊಸದೇನೂ ಆಗಿರಲಿಲ್ಲ. ಅಲ್ಲಿಗೆ 20 ವರ್ಷಗಳ ಹಿಂದೆ, ಕ್ರಿ.ಪೂ. 451ರಲ್ಲಿ, ಪೆರಿಕ್ಲೀಸ್ ಒಂದು ಕಾನೂನು ತಂದಿದ್ದ: ಅಪ್ಪ ಅಮ್ಮ ಇಬ್ಬರೂ ಆಥೆನ್ಸ್‌ನವರಾಗಿದ್ದರೆ ಮಾತ್ರ ಮಗ ನಾಗರಿಕ. ಹೊರದೇಶದ ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಆ ಹಕ್ಕು ಇಲ್ಲ. ಕಾನೂನು ತಂದವನೇ ಆಮೇಲೆ ಮಿಲೀಟಸ್‌ನ ಆಸ್ಪಾಸಿಯಾಳ ಜೊತೆ ಬದುಕಿದ, ಅವಳಿಂದ ಮಗನನ್ನು ಪಡೆದ. ಪ್ಲೇಗ್‌ನಲ್ಲಿ ಮೊದಲ ಹೆಂಡತಿಯ ಮಕ್ಕಳಿಬ್ಬರೂ ಸತ್ತಾಗ, ಆಸ್ಪಾಸಿಯಾಳ ಮಗನಿಗೆ ವಿನಾಯಿತಿ ಕೊಡಿ ಎಂದು ಅದೇ ಊರಿನ ಮುಂದೆ ಕೇಳಿಕೊಂಡ, ಊರು ಕೊಟ್ಟಿತು. ಪೆರಿಕ್ಲೀಸ್‌ನ ಮಗನಿಗೆ ಸಿಕ್ಕ ವಿನಾಯಿತಿ ಊರಿನ ಸಾಮಾನ್ಯ ಪರದೇಶಿ ಹೆಂಡತಿಯ ಮಗನಿಗೆ ಎಲ್ಲಿಂದ ಸಿಗಬೇಕು? ‘ನಿನ್ನ ಮಕ್ಕಳಿಗೆ ರಾಜಮನೆತನದ ತಮ್ಮಂದಿರು ಹುಟ್ಟಲಿ ಎಂದೇ ಈ ಮದುವೆ’ ಎಂದು ಜೇಸನ್ ಹೇಳುವಾಗ, ಕಾನೂನು ಅವನ ಬೆನ್ನ ಹಿಂದೆ ನಿಂತಿದೆ. ಸ್ವಾರ್ಥ ಒಂಟಿಯಾಗಿ ನಡೆಯುವುದಿಲ್ಲ. ಅದಕ್ಕೆ ರಾಜ್ಯದ ಮುದ್ರೆ ಬೇಕು, ಹಿರಿಯರ ತಲೆದೂಗು ಬೇಕು, ಮಕ್ಕಳ ಭವಿಷ್ಯ ಎಂಬ ಹೆಸರು ಬೇಕು.

ಅವನ ಆ ದೊಡ್ಡ ಭಾಷಣವನ್ನು ಓದುವಾಗಲೆಲ್ಲ ನನ್ನ ಕೈ ನಡುಗುತ್ತದೆ. ನನ್ನನ್ನು ಕಾಪಾಡಿದ್ದು ನೀನಲ್ಲ, ನಿನಗೆ ನನ್ನ ಮೇಲೆ ಮೋಹ ಹುಟ್ಟಿಸಿದ ದೇವತೆ, ಹಾಗಾಗಿ ಋಣವೇನಿದ್ದರೂ ಅವಳಿಗೆ ಎನ್ನುತ್ತಾನೆ. ನೀನು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು ಎನ್ನುತ್ತಾನೆ. ಕಾಡುಜನರ ನಾಡಿನಿಂದ ನಿನ್ನನ್ನು ಗ್ರೀಸ್‌ಗೆ ಕರೆತಂದೆ, ಇಲ್ಲಿ ಕಾನೂನು ಎಂದರೇನು ನ್ಯಾಯ ಎಂದರೇನು ಎಂದು ತಿಳಿದೆ, ನಿನಗೆ ಹೆಸರು ಬಂತು, ಆ ಮೂಲೆಯಲ್ಲೇ ಇದ್ದಿದ್ದರೆ ನಿನ್ನನ್ನು ಯಾರು ಕೇಳುತ್ತಿದ್ದರು? ಕಾನೂನಿನ ಹೆಮ್ಮೆ ಕೊಚ್ಚುವವನು ಆಣೆ ಮುರಿದು ನಿಂತಿದ್ದಾನೆ. ನ್ಯಾಯ ಕಲಿಸಿದೆ ಎನ್ನುವವನು ಅವಳ ಮೇಲೆ ಅನ್ಯಾಯ ಹೇರಲು ರಾಜನ ಮನೆ ಹೊಕ್ಕಿದ್ದಾನೆ. ಅವಳು ಮಾಡಿದ ಒಂದೊಂದು ಉಪಕಾರವನ್ನೂ ಎತ್ತಿ, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ತನ್ನ ಉಪಕಾರ ಇಟ್ಟು, ತನ್ನದೇ ಹೆಚ್ಚು ತೂಗಿತು ಎಂದು ತೋರಿಸುತ್ತಾನೆ. ಕೊನೆಗೆ ಅವನ ಬಾಯಿಂದ ಬರುವುದು, ಹೆಂಗಸರಿಲ್ಲದೆ ಗಂಡಸರು ಬೇರೆಲ್ಲಿಂದಾದರೂ ಮಕ್ಕಳನ್ನು ಪಡೆಯುವಂತಿದ್ದರೆ ಲೋಕಕ್ಕೆ ಯಾವ ಕಷ್ಟವೂ ಇರುತ್ತಿರಲಿಲ್ಲ ಎಂಬ ಮಾತು. ನಿಜ ಇಲ್ಲಿ ಹೊರಬಿತ್ತು. ಅವನಿಗೆ ಬೇಕಿದ್ದದ್ದು ವಂಶ. ಅದನ್ನು ಹೊತ್ತು ತಂದ ಹಡಗಿನ ಮೇಲೆ ಪ್ರೀತಿ ಯಾಕೆ?

ಕೆಲವು ವರ್ಷಗಳ ಹಿಂದೆ ಒಂದು ಪದವಿ ಕಾಲೇಜಿನ ಹುಡುಗ ಹುಡುಗಿಯರ ಜೊತೆ ಈ ನಾಟಕವನ್ನು ಕನ್ನಡದಲ್ಲಿ ಓದಿಸಿದ್ದೆ. ಬೆಳಕಿಲ್ಲ, ವೇಷವಿಲ್ಲ, ಸಭಾಂಗಣದ ಹಲಗೆಯ ಮೇಲೆ ಎಂಟು ಕುರ್ಚಿ ಹಾಕಿ ಓದಿದರು. ಜೇಸನ್‌ನ ಈ ಭಾಷಣ ನಡೆಯುವಾಗ ನಾನು ರಂಗದ ಪಕ್ಕದ ಮೆಟ್ಟಿಲ ಮೇಲೆ ನಿಂತು ಪ್ರೇಕ್ಷಕರನ್ನು ನೋಡುತ್ತಿದ್ದೆ. ಮುಂದಿನ ಸಾಲಿನ ಹಿರಿಯರಲ್ಲಿ ಮೂವರು, ಮಕ್ಕಳ ಭವಿಷ್ಯಕ್ಕಾಗಿ ಮಾಡಿದೆ ಎಂಬ ಮಾತು ಬಂದಾಗ, ತಲೆದೂಗಿದರು. ಅವರಿಗೆ ತಾವು ತಲೆದೂಗಿದ್ದು ಗೊತ್ತಾಗಿರಲಿಕ್ಕಿಲ್ಲ. ಕಿವಿಗೆ ರೂಢಿಯಾದ ಮಾತು ಬಿದ್ದಾಗ ಕತ್ತು ತಾನಾಗಿ ಆಡುತ್ತದೆ. ಮುಗಿದ ಮೇಲೆ ಅವರಲ್ಲೊಬ್ಬರು ಮೈಕು ಹಿಡಿದು, ಏನೇ ಆಗಲಿ ಹೆಂಗಸಾದವಳು ಸ್ವಲ್ಪ ಹೊಂದಿಕೊಂಡು ಹೋಗಿದ್ದರೆ ಇಷ್ಟು ಅನಾಹುತ ಆಗುತ್ತಿರಲಿಲ್ಲ ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಮೇದಿಯಾಳ ಮಾತು ಓದಿದ್ದ ಹುಡುಗಿ ಕೈಯಲ್ಲಿದ್ದ ಹಾಳೆಗಳನ್ನು ಮಡಚಿ, ಇನ್ನೊಮ್ಮೆ ಮಡಚಿ, ಹೆಬ್ಬೆರಳಿನಷ್ಟು ಸಣ್ಣದು ಮಾಡಿ ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದಳು. ಕುರ್ಚಿ ಎತ್ತಿಡಲು ಬಂದ ಕಾಲೇಜಿನ ಆಯಾ, ಕಸಬರಿಗೆ ಗೋಡೆಗೆ ಒರಗಿಸಿ ನನ್ನ ಹತ್ತಿರ ಬಂದು ಕೇಳಿದಳು: “ಅಕ್ಕಾರ, ಆಕಿ ಕೂಸುಗಳನ್ನ ಕೊಂದದ್ದು ತಪ್ಪ ಐತಿ. ಆದ್ರ ಅಲ್ಲೀತನಕ ಅವುಗಳ ಅಪ್ಪ ಎಲ್ಲಿದ್ದ?”

ಎಲ್ಲಿದ್ದ? ಅರಮನೆಯಲ್ಲಿದ್ದ. ಕೊರಿಂತ್‌ನ ರಾಜ ಕ್ರಿಯಾನ್ ಮೇದಿಯಾಳನ್ನು ಮಾತ್ರ ಗಡಿಪಾರು ಮಾಡಲಿಲ್ಲ, ಇಬ್ಬರು ಗಂಡುಮಕ್ಕಳನ್ನೂ ಜೊತೆಗೆ ಹೊರಗಟ್ಟಲು ಹೊರಟ. ಮಕ್ಕಳನ್ನು ನೋಡಿಕೊಳ್ಳುವ ಮುದುಕ ಈ ಸುದ್ದಿ ತಂದಾಗ ದಾದಿ ನಂಬುವುದಿಲ್ಲ: ತನ್ನ ಮಕ್ಕಳಿಗೆ ಹೀಗಾಗಲು ಜೇಸನ್ ಬಿಟ್ಟಾನೆಯೇ? ಹೊಸ ಸಂಬಂಧ ಬಂದ ಮೇಲೆ ಹಳೆಯದು ಹಿಂದೆ ಬಿತ್ತು, ಅವನು ಈ ಮನೆಯವನಲ್ಲ ಎನ್ನುತ್ತಾನೆ ಮುದುಕ. ಯಾವ ಮಕ್ಕಳ ಭವಿಷ್ಯದ ಹೆಸರಿನಲ್ಲಿ ಮದುವೆಯಾದನೋ ಅದೇ ಮಕ್ಕಳು ಬೀದಿಗೆ ಬೀಳುವ ಆಜ್ಞೆ ಹೊರಟಾಗ ಅವನು ಮಾವನ ಎದುರು ತುಟಿ ಬಿಚ್ಚಲಿಲ್ಲ. ಹೊರಡುವ ಮುಂಚೆ ಖರ್ಚಿಗೆ ಹಣ ಕೊಡುತ್ತೇನೆ, ಪರಿಚಯದವರಿಗೆ ಗುರುತು ಕಳಿಸುತ್ತೇನೆ, ಅವರು ನೋಡಿಕೊಳ್ಳುತ್ತಾರೆ ಎಂದು ಬಂದ. ಅವಳು ಆ ದುಡ್ಡನ್ನು ಮುಟ್ಟಲಿಲ್ಲ. ಸರಿಯಾಗಿಯೇ ಮಾಡಿದಳು.

ನಮ್ಮ ನಾಟಕ ಪರಂಪರೆಯನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡದೆ ನನಗೆ ಮುಂದೆ ಹೋಗಲಾಗದು. ವ್ಯಾಸರ ಮಹಾಭಾರತದ ದುಷ್ಯಂತನಿಗೆ ಎಲ್ಲವೂ ನೆನಪಿದೆ. ಮಗನ ಕೈ ಹಿಡಿದು ಬಂದ ಶಕುಂತಲೆಯನ್ನು ತುಂಬಿದ ಸಭೆಯಲ್ಲಿ, ನೀನ್ಯಾರೋ ಗೊತ್ತಿಲ್ಲ ಎಂದು ಬಾಯಿಗೆ ಬಂದಂತೆ ಬೈದದ್ದು ನೆನಪಿದ್ದೇ. ಆಕಾಶವಾಣಿ ಆದ ಮೇಲೆ, ನನಗೆ ಮೊದಲೇ ಗೊತ್ತಿತ್ತು, ಜನ ಒಪ್ಪಲಿ ಎಂದು ಹೀಗೆ ಮಾಡಿದೆ ಎನ್ನುತ್ತಾನೆ. ಕಾಳಿದಾಸ ಬಂದು ಇವನಿಗೆ ದೂರ್ವಾಸರ ಶಾಪ ತಂದುಕೊಟ್ಟ, ಉಂಗುರ ತಂದುಕೊಟ್ಟ, ಮೀನಿನ ಹೊಟ್ಟೆ ತಂದುಕೊಟ್ಟ. ಸುಳ್ಳುಗಾರ ರಾಜ ಪಾಪದ ಮರೆಗುಳಿಯಾದ. ತಪ್ಪು ಯೋಚನೆಯಲ್ಲಿ ಮುಳುಗಿ ಅತಿಥಿಯನ್ನು ಗಮನಿಸದ ಹುಡುಗಿಯ ತಲೆಗೆ ಬಂತು. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದಾಗಿನಿಂದ ನಾವು ಈ ತೊಳೆದ ದುಷ್ಯಂತನನ್ನೇ ನೋಡಿ ಕಣ್ಣೀರು ಹಾಕಿದ್ದೇವೆ. ಕಾಳಿದಾಸನ ಕಾವ್ಯಶಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆ ಶಕ್ತಿ ರಾಜನ ಅಂಗವಸ್ತ್ರದ ಕಲೆ ತೆಗೆಯಲು ಸಂದಿತಲ್ಲ ಎಂಬ ನೋವು ನನ್ನದು. ಯೂರಿಪಿಡೀಸ್ ಜೇಸನ್‌ಗೆ ಶಾಪ ಕೊಡಲಿಲ್ಲ, ಉಂಗುರ ಕೊಡಲಿಲ್ಲ, ಮರೆವೂ ಕೊಡಲಿಲ್ಲ. ಅವನ ಲೆಕ್ಕವನ್ನು ಅವನ ಬಾಯಿಂದಲೇ, ಹಗಲು ಬೆಳಕಿನಲ್ಲಿ ಹೇಳಿಸಿದ. ಬಿಎಂಶ್ರೀ 1929ರಲ್ಲಿ ಸೊಫೊಕ್ಲೀಸ್‌ನ ‘ಏಜಾಕ್ಸ್’ ಮಾದರಿಯಲ್ಲಿ ‘ಅಶ್ವತ್ಥಾಮನ್’ ಬರೆದು ಗ್ರೀಕರ ರುದ್ರನಾಟಕದ ಬಾಗಿಲನ್ನು ಕನ್ನಡಕ್ಕೆ ತೆರೆದರು. ಆ ಬಾಗಿಲಿಂದ ಮೊದಲು ಒಳಬಂದವನು ಮಾನಭಂಗವಾದ ವೀರ. ಮಾತು ಮುರಿಸಿಕೊಂಡ ಹೆಂಡತಿಯ ಅಳಲೂ ಅಷ್ಟೇ ದೊಡ್ಡ ರುದ್ರ ಎಂದು ಒಪ್ಪಿಕೊಳ್ಳಲು ನಮಗೆ ಇನ್ನೂ ಎದೆ ಸಾಲದು.

ಇನ್ನು ಅವಳ ವಿಷಯ. ಅವಳಿಗೆ ಕ್ರಿಯಾನ್ ಕೊಟ್ಟದ್ದು ಒಂದೇ ದಿನದ ಗಡುವು. ಆ ಒಂದು ದಿನದಲ್ಲಿ ಅವಳು ಆಥೆನ್ಸ್‌ನ ರಾಜ ಈಜಿಯಸ್‌ನಿಂದ ಆಶ್ರಯದ ಮಾತು ಪಡೆಯುತ್ತಾಳೆ. ಅವನು ಮಾತು ಕೊಟ್ಟರೂ ಅವಳಿಗೆ ಸಾಲದು. ಭೂಮಿಯ ಮೇಲೆ, ಸೂರ್ಯನ ಮೇಲೆ ಆಣೆಯಿಡಿಸಿ, ಶಬ್ದಗಳನ್ನೂ ತಾನೇ ಹೇಳಿಕೊಡುತ್ತಾಳೆ. ಒಮ್ಮೆ ಮೋಸಹೋದವಳಿಗೆ ಒಳ್ಳೆಯವನ ಬಾಯಿಮಾತೂ ಬರಿ ಗಾಳಿಯಾಗಿ ಕೇಳುತ್ತದೆ. ಆಮೇಲೆ ಜೇಸನ್‌ನನ್ನು ಕರೆಸಿ, ತಪ್ಪಾಯಿತು, ಹೆಂಗಸಿನ ಬುದ್ಧಿ ಇಷ್ಟೇ ಎಂದು ತಗ್ಗಿ ಮಾತಾಡುತ್ತಾಳೆ. ಅವನು ಕ್ಷಣಮಾತ್ರವೂ ಅನುಮಾನಪಡುವುದಿಲ್ಲ. ಇದೇ ಜಾಣ ಹೆಂಗಸಿನ ಲಕ್ಷಣ ಎಂದು ಮೆಚ್ಚುತ್ತಾನೆ! ಹೆಂಡತಿ ತಗ್ಗಿದಳೆಂದರೆ ಅದು ಸಹಜಸ್ಥಿತಿ, ತಲೆಯೆತ್ತಿದಳೆಂದರೆ ಕಾಯಿಲೆ ಎಂದು ನಂಬಿದವನು ಸುಲಭವಾಗಿ ಬಲೆಗೆ ಬೀಳುತ್ತಾನೆ. ಮಕ್ಕಳನ್ನು ಹೊರಗೆ ಕರೆದು, ಅಪ್ಪನ ಬಲಗೈ ಹಿಡಿಯಿರಿ ಎನ್ನುತ್ತಾಳೆ. ಮತ್ತೆ ಅದೇ ಬಲಗೈ. ಪುಟ್ಟ ಕೈಗಳು ಅದನ್ನು ಹಿಡಿದದ್ದೇ ತಡ ಅವಳ ಕಣ್ಣು ತುಂಬಿ ಬರುತ್ತದೆ. ಯಾಕೆ ಅಳುತ್ತೀ ಎಂದು ಅವನು ಕೇಳುತ್ತಾನೆ.

ವಿಷ ಸವರಿದ ಸೀರೆಯಂಥ ನವಿರಾದ ಉಡುಪು, ಚಿನ್ನದ ಕಿರೀಟ. ಮಕ್ಕಳ ಕೈಯಲ್ಲೇ ಅವನ್ನು ಕಳಿಸುತ್ತಾಳೆ. ಸವತಿಯ ಮಕ್ಕಳನ್ನು ಕಂಡು ಮುಖ ತಿರುಗಿಸಿದ್ದ ರಾಜಕುಮಾರಿ ಒಡವೆ ಕಂಡು ಕರಗಿದಳು. ಉಟ್ಟಳು, ಕನ್ನಡಿ ಮುಂದೆ ಕೂದಲು ಸರಿಮಾಡಿಕೊಂಡು ತನ್ನ ಪಡಿನೆರಳಿಗೆ ನಕ್ಕಳು, ಎದ್ದು ಓಡಾಡಿದಳು, ಹಿಂಬದಿ ಹೇಗೆ ಬಿದ್ದಿದೆ ಎಂದು ತಿರುಗಿ ತನ್ನ ಹಿಮ್ಮಡಿ ನೋಡಿಕೊಂಡಳು. ಇನ್ನೂ ಹುಡುಗಿ. ನಾಟಕದಲ್ಲಿ ಅವಳು ರಂಗಕ್ಕೆ ಬರುವುದೇ ಇಲ್ಲ, ಯೂರಿಪಿಡೀಸ್ ಅವಳಿಗೊಂದು ಹೆಸರನ್ನೂ ಕೊಡಲಿಲ್ಲ. ಅಪ್ಪ ತೋರಿಸಿದವನನ್ನು ಮದುವೆಯಾದಳು ಅಷ್ಟೆ. ಬಾಯಲ್ಲಿ ನೊರೆ ಬಂತು, ಕಿರೀಟದಿಂದ ಬೆಂಕಿ ಎದ್ದಿತು. ತಬ್ಬಿಕೊಂಡ ಅಪ್ಪನ ಮೈ ಆ ಬಟ್ಟೆಗೆ ಅಂಟಿಕೊಂಡಿತು; ಕಿತ್ತುಕೊಂಡು ಏಳಲು ಹೋದರೆ ಮಾಂಸವೇ ಕಿತ್ತುಬಂತು. ದೂತ ಇದನ್ನು ಹೇಳುವಾಗ ಮೇದಿಯಾ ಸಂತೋಷಪಡುತ್ತಾಳೆ. ಅಲ್ಲಿ ನಾನು ಅವಳ ಕೈ ಬಿಡುತ್ತೇನೆ. ಜೇಸನ್‌ನ ಮೇಲಿನ ಸಿಟ್ಟು ಅವನ ಹೆಗಲ ಮೇಲೆ ಬೀಳಬೇಕಿತ್ತು. ಒಂದು ಹೆಣ್ಣಿನ ನ್ಯಾಯ ಇನ್ನೊಂದು ಹೆಣ್ಣಿನ ಸುಟ್ಟ ಮೈಮೇಲೆ ಹಾದು ಬರಬಾರದು.

ಮಕ್ಕಳ ವಿಷಯದಲ್ಲಂತೂ ಇಬ್ಬರೂ ಒಂದೇ. ಕೊಲ್ಲುವ ಮುನ್ನ ಅವಳು ಅವರ ಮೆತ್ತಗಿನ ಚರ್ಮ, ಉಸಿರಿನ ಸಿಹಿ ವಾಸನೆ ಎಂದು ಒದ್ದಾಡುತ್ತಾಳೆ. ಬೇಡ ಎನ್ನುತ್ತಾಳೆ, ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾಳೆ, ಮರುಗಳಿಗೆಗೆ ಶತ್ರುಗಳು ನಕ್ಕಾರು ಎಂಬ ಯೋಚನೆ ಬಂದು ಮನಸ್ಸು ಕಲ್ಲು ಮಾಡಿಕೊಳ್ಳುತ್ತಾಳೆ. ಜೇಸನ್ ಮಕ್ಕಳನ್ನು ತನ್ನ ಏಳಿಗೆಯ ಮೆಟ್ಟಿಲು ಮಾಡಿಕೊಂಡ, ಇವಳು ಅವನ ಎದೆಗೆ ಚುಚ್ಚುವ ಚೂರಿ ಮಾಡಿಕೊಂಡಳು. ದ್ರೋಹದ ಅತಿ ದೊಡ್ಡ ಹಾನಿ ಇದೇ ಎಂದು ನನಗನ್ನಿಸುತ್ತದೆ: ಪ್ರೀತಿಸಿದವನ ಸ್ವಾರ್ಥ ಪ್ರೀತಿಸಿದವಳಿಗೂ ಅಂಟಿತು, ಅವಳೂ ಅವನ ಭಾಷೆಯಲ್ಲೇ ಲೆಕ್ಕ ಹಾಕತೊಡಗಿದಳು. ಹಾಗೆಂದು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕೈತೊಳೆದುಕೊಳ್ಳುವವರ ಜೊತೆ ನಾನಿಲ್ಲ. ಮೊದಲ ಕಲ್ಲು ಎತ್ತಿದವನು ಯಾರು ಎನ್ನುವುದು ಕೊನೆಯ ಕಲ್ಲು ಬಿದ್ದ ಮೇಲೂ ಕೇಳಬೇಕಾದ ಪ್ರಶ್ನೆ.

ಕಲ್ಲು ಎಂದಾಗ ಇನ್ನೊಂದು ಮಾತು. ಆ ಮಕ್ಕಳನ್ನು ಕೊಂದವರು ಕೊರಿಂತ್‌ನ ಜನ ಎಂಬ ಬೇರೊಂದು ಕಥೆಯೂ ಗ್ರೀಸ್‌ನಲ್ಲಿತ್ತು. ಕ್ರಿ.ಶ. 2ನೆಯ ಶತಮಾನದಲ್ಲಿ ಊರೂರು ತಿರುಗಿ ಬರೆದ ಪೌಸಾನಿಯಸ್ ಅವರ ಸಮಾಧಿಯ ಮಾತು ಬರೆಯುತ್ತ, ಉಡುಗೊರೆ ಹೊತ್ತು ಹೋದ ತಪ್ಪಿಗೆ ಊರವರು ಅವರನ್ನು ಕಲ್ಲು ಹೊಡೆದು ಕೊಂದರಂತೆ ಎನ್ನುತ್ತಾನೆ. ಕೊಲೆಯನ್ನು ತಾಯಿಯ ತಲೆಗೆ ಕಟ್ಟಲು ಕೊರಿಂತ್‌ನವರು ಯೂರಿಪಿಡೀಸ್‌ಗೆ 5 ಟಾಲೆಂಟ್ ಬೆಳ್ಳಿ ಲಂಚ ಕೊಟ್ಟರು ಎಂಬ ಪುಕಾರನ್ನು ಹಳೆಯ ಟಿಪ್ಪಣಿಕಾರರು ಬರೆದಿಟ್ಟಿದ್ದಾರೆ. ಲಂಚದ ಕಥೆಯನ್ನು ನಾನು ನಂಬುವುದಿಲ್ಲ. ದುಡ್ಡು ತಿಂದು ಬರೆದವನು ಜೇಸನ್‌ನನ್ನು ಹೀಗೆ ಬೆತ್ತಲೆ ನಿಲ್ಲಿಸುತ್ತಿರಲಿಲ್ಲ. ಆದರೆ ಊರು ಮಾಡಿದ ಕೊಲೆಗೆ ಪರದೇಶಿ ಹೆಣ್ಣಿನ ಹೆಸರು ಹಚ್ಚುವುದು ಎಷ್ಟು ಸುಲಭ ಎಂದು ಆ ಪುಕಾರು ಹುಟ್ಟಿಸಿದವರಿಗೂ ಗೊತ್ತಿತ್ತು. ಜರ್ಮನಿಯ ಕ್ರಿಸ್ಟಾ ವೋಲ್ಫ್ 1996ರ ತನ್ನ ಕಾದಂಬರಿಯಲ್ಲಿ ಮೇದಿಯಾಳ ಕೈಯ ರಕ್ತ ಒರೆಸಿ ಊರಿನ ಕೈಗೆ ಹಚ್ಚಿದಳು.

ಯೂರಿಪಿಡೀಸ್ ಊರನ್ನು ಬಿಟ್ಟುಬಿಟ್ಟ ಎನ್ನಬೇಡಿ. ಅವನ ಊರು ರಂಗದ ಮೇಲೇ ಇದೆ, ಹದಿನೈದು ಜನ ಕೊರಿಂತ್‌ನ ಹೆಂಗಸರ ಮೇಳವಾಗಿ. ಒಮ್ಮೆ ರಂಗಕ್ಕೆ ಬಂದ ಮೇಲೆ ಕೊನೆಯವರೆಗೆ ಅವರು ಅಲ್ಲೇ ಇದ್ದಾರೆ. ಮೇದಿಯಾಳಿಗೆ ಆದದ್ದು ಅನ್ಯಾಯ ಎಂದು ಒಪ್ಪಿದ್ದಾರೆ. ಅವಳ ಗುಟ್ಟು ಕಾಯುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ಜೇಸನ್‌ನ ಮಾತು ನಯವಾಗಿದ್ದರೂ ನೀನು ಮಾಡಿದ್ದು ಸರಿಯಲ್ಲ ಎಂದು ಅವನ ಮುಖಕ್ಕೇ ಹೇಳಿದ್ದಾರೆ. ಮಕ್ಕಳನ್ನು ಕೊಲ್ಲಬೇಡ ಎಂದು ಅವಳನ್ನು ಬೇಡಿದ್ದಾರೆ. ಒಳ್ಳೆಯ ಹೆಂಗಸರು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಒಂದು ಮಾತೂ ಆಡದ ಮಕ್ಕಳ ದನಿ ಮೊದಲ ಸಲ ಕೇಳುವುದು ಆ ಮುಚ್ಚಿದ ಬಾಗಿಲ ಹಿಂದಿನಿಂದ: ಅಮ್ಮನ ಕೈಯಿಂದ ಎಲ್ಲಿಗೆ ತಪ್ಪಿಸಿಕೊಳ್ಳಲಿ ಎಂದು ಒಬ್ಬ, ಗೊತ್ತಿಲ್ಲ ಅಣ್ಣ, ಸತ್ತೆವು ಎಂದು ಇನ್ನೊಬ್ಬ. ಹೊರಗೆ ನಿಂತ ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ, ಒಳಗೆ ಹೋಗೋಣವೇ, ಮಕ್ಕಳನ್ನು ಉಳಿಸಬೇಕಲ್ಲವೇ. ಆ ಮಾತು ಒಳಗಿನ ಮಕ್ಕಳಿಗೆ ಕೇಳಿಸುತ್ತದೆ. ಹೌದು, ದೇವರಾಣೆಗೂ ಬನ್ನಿ, ಈಗಲೇ ಬನ್ನಿ, ಕತ್ತಿ ಹತ್ತಿರ ಬಂತು ಎಂದು ಅವು ಒಳಗಿನಿಂದ ಕೂಗುತ್ತವೆ.

ಹೆಂಗಸರು ಬಾಗಿಲ ಕಡೆಗೆ ಹೋಗಲಿಲ್ಲ. ಹಿಂದೊಮ್ಮೆ ಇನೋ ಎಂಬ ತಾಯಿ ಹೀಗೇ ಮಕ್ಕಳನ್ನು ಕೊಂದಿದ್ದಳು ಎಂಬ ಹಾಡು ಶುರುಮಾಡಿದರು. ಹಾಡು ಮುಗಿಯುವ ಹೊತ್ತಿಗೆ ಒಳಗೆ ಸದ್ದಿರಲಿಲ್ಲ.